ಸಾವಿರದ ನೂರ ನಲವತ್ತು ಗಿಡುಗಗಳು

ಗುಂಡಿಯಕ್ಕನಿಗೆ ಆ ಹೆಸರು ಹೊಲಿಗೆ ಅಂಗಡಿಯಿಂದ ಬಂತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅಂಗಡಿ ಇದ್ದದ್ದು ನಿಜ. ಪೇಟೆ ಬೀದಿಯ ಕೊನೆಗೆ, ಇಸ್ತ್ರಿ ಅಂಗಡಿಗೂ ಸೈಕಲ್ ರಿಪೇರಿಗೂ ನಡುವೆ, ಎಂಟು ಅಡಿ ಅಗಲದ ಕೋಣೆ. ಒಳಗೆ ಎರಡು ಮಷೀನು, ಮೂಲೆ ಒಡೆದ ಒಂದು ನಿಲುವುಗನ್ನಡಿ, ಬಾಗಿಲ ಹತ್ತಿರ ಜಿಪ್ಪು ಕಿತ್ತುಹೋದ ಬ್ಯಾಗುಗಳ ರಾಶಿ. ಆದರೆ ಹೆಸರು ಬಂದದ್ದು ಬೆಟ್ಟದ ಮೇಲಿಂದ. ಅವಳು ಗಿಡುಗಗಳನ್ನು ಅಂಗಿಯ ಗುಂಡಿಗಳಲ್ಲಿ ಎಣಿಸುತ್ತಿದ್ದಳು.

ಚಳಿ ಮುಗಿದು ಬಿಸಿಲು ಬಲಿಯತೊಡಗಿದರೆ ದಕ್ಷಿಣದ ಗಿಡುಗಗಳು ಉತ್ತರಕ್ಕೆ ಹೊರಡುತ್ತವೆ. ಊರ ಹಿಂದಿನ ಬೆಟ್ಟದ ನೆತ್ತಿಯ ಮೇಲೇ ಅವುಗಳ ದಾರಿ. ಐದು ವಾರ ಈ ಪಯಣ ನಡೆಯುತ್ತದೆ. ಆ ಐದು ವಾರ ಗುಂಡಿಯಕ್ಕನ ಅಂಗಡಿಯ ಬಾಗಿಲಿಗೆ ಒಂದು ರಟ್ಟು ತೂಗುತ್ತಿತ್ತು: ‘ಗಿಡುಗ ಕಾಲ. ಮೂರು ಗಂಟೆಯ ಮೇಲೆ ಬನ್ನಿ.’ ಬೆಳಿಗ್ಗೆ ಏಳಕ್ಕೆ ಬೆಟ್ಟ ಹತ್ತಿದರೆ ಮಧ್ಯಾಹ್ನ ಎರಡಕ್ಕೆ ಇಳಿಯುವುದು. ಇಪ್ಪತ್ತೆರಡು ವರ್ಷ ಇದು ತಪ್ಪಿರಲಿಲ್ಲ. ಗಂಡ ತೀರಿಕೊಂಡ ವರ್ಷವೂ ಹದಿನಾಲ್ಕು ದಿನ ಬಿಟ್ಟು ಹದಿನೈದನೇ ದಿನ ಹತ್ತಿದ್ದಳು.

ಅವಳನ್ನು ಈ ಕೆಲಸಕ್ಕೆ ಹಚ್ಚಿದವರು ಕನ್ನಡಕದ ಅಂಗಡಿಯವರು. ಊರಿನ ಪಕ್ಷಿ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರ ಅಂಗಡಿಯೇ ಕಚೇರಿ. ಹರಿದ ಡೇರೆ ಹೊಲಿಸಲು ಬಂದವರು ಅವಳು ಒಂದು ಹೊಲಿಗೆ ಬಿಚ್ಚಿ ಮತ್ತೆ ಹಾಕುವ ತಾಳ್ಮೆ ನೋಡಿ, “ಅಮ್ಮ, ನಿಮ್ಮಂಥವರೇ ಬೇಕು, ನಮ್ಮ ಹುಡುಗರು ಹತ್ತು ನಿಮಿಷ ಕೂರಲ್ಲ” ಅಂದಿದ್ದರು. ಮೊದಲ ದಿನ ನಲವತ್ತಾರು ಗಿಡುಗ ಎಣಿಸಿದಳು. ಆಮೇಲೆ ಕುರ್ಚಿ ಅವಳದೇ ಆಯಿತು. ಕಬ್ಬಿಣದ ಮಡಚುವ ಕುರ್ಚಿ; ಅದರ ಬಟ್ಟೆಯನ್ನು ನಾಲ್ಕು ಸಲ ಅವಳೇ ಬದಲಾಯಿಸಿದ್ದಾಳೆ. ದಿನದ ಹಾಳೆಯ ಕೆಳಗೆ ‘ಎಣಿಸಿದವರು’ ಅಂತ ಒಂದೇ ಗೆರೆ ಇರುತ್ತದೆ. ಒಬ್ಬರ ಹೆಸರಿಗೆ ಮಾತ್ರ ಜಾಗ.

ಬಲ ಜೇಬಿನಲ್ಲಿ ಐವತ್ತು ಗುಂಡಿ. ಹತ್ತು ಗಿಡುಗ ದಾಟಿದರೆ ಒಂದು ಗುಂಡಿ ಎಡ ಜೇಬಿಗೆ. ಐವತ್ತೂ ಮುಗಿದರೆ ಎಡದಿಂದ ಬಲಕ್ಕೆ. ಬರೆಯಲು ತಲೆ ಬಗ್ಗಿಸಿದರೆ ಅಷ್ಟರಲ್ಲಿ ನಾಲ್ಕು ಹಕ್ಕಿ ಹೋಗಿರುತ್ತವೆ, ಅದಕ್ಕೆ ಈ ಉಪಾಯ. ಇನ್ನೊಂದು ನಿಯಮ ಇತ್ತು: ಸುತ್ತುವ ಹಕ್ಕಿಯನ್ನು ಎಣಿಸಬಾರದು. ಬಿಸಿಗಾಳಿ ಮೇಲೇಳುವ ಕಡೆ ಗಿಡುಗಗಳು ಗುಂಪಾಗಿ ಗಿರಗಿರನೆ ಸುತ್ತುತ್ತ ಏರುತ್ತವೆ. ಆಗ ಎಣಿಸಿದರೆ ಒಂದನ್ನೇ ಮೂರು ಸಲ ಎಣಿಸಿದ ಹಾಗೆ. ಮೇಲೆ ಹೋಗಿ, ರೆಕ್ಕೆ ಚಾಚಿ, ಒಂದರ ಹಿಂದೆ ಒಂದು ಜಾರುತ್ತ ಮೊಬೈಲ್ ಟವರಿನ ತುದಿ ದಾಟುವಾಗ ಎಣಿಸಬೇಕು. ಇದು ಅವಳಿಗೆ ಉಸಿರಾಟದಷ್ಟು ರೂಢಿ.

ಹೀಗಿದ್ದಾಗ ತಂಗಿ ಬಂದಳು.

ತಂಗಿ ಮೂವತ್ತಮೂರು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಮದುವೆ ಮಾಡಿಕೊಂಡಿರಲಿಲ್ಲ. ಊರವರು ಅವಳನ್ನು ಸೀಟಿ ಅನ್ನುತ್ತಿದ್ದರು. ಎರಡು ಬೀದಿಯಾಚೆ ಕೇಳಿಸುವ ಹಾಗೆ ಸೀಟಿ ಊದುತ್ತಿದ್ದಳು. ನಿವೃತ್ತಿಯಾದ ಮೇಲೆ ಎರಡು ಟ್ರಂಕು ತಂದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಳು. “ಬಂದವಳು ಬಂದಳು, ಇರಲಿ” ಅಂತ ಗುಂಡಿಯಕ್ಕ ಇಸ್ತ್ರಿಯವನ ಹತ್ತಿರ ಅಂದಳು. ಸಂತೋಷವೂ ಇತ್ತು. ಒಬ್ಬಳೇ ಊಟ ಮಾಡಿ ಮಾಡಿ ಸಾಕಾಗಿತ್ತು.

ಆ ವರ್ಷ ಗಿಡುಗ ಕಾಲದ ಆರನೇ ದಿನ, “ನಾನೂ ಬರ್ತೀನಿ ಅಕ್ಕ, ಮನೇಲಿ ಕೂತು ಏನು ಮಾಡಲಿ” ಅಂತ ತಂಗಿ ಹೊರಟಳು. ಬೇಡ ಅನ್ನಲು ಕಾರಣ ಸಿಗಲಿಲ್ಲ. ಕನ್ನಡಕದವರೂ ಆವತ್ತು ಬಂದಿದ್ದರು. ಬೆಟ್ಟದ ತುದಿಯಲ್ಲಿ ಚಪ್ಪಟೆ ಬಂಡೆ, ಪಕ್ಕದಲ್ಲಿ ಕಾಡುಬೆಂಕಿ ಕಾಯಲು ಹಿಂದೆ ಕಟ್ಟಿದ್ದ ತಗಡಿನ ಗುಡಿಸಲು. ಗುಂಡಿಯಕ್ಕ ಕುರ್ಚಿ ಬಿಡಿಸಿ, ದುರ್ಬೀನು ಕಣ್ಣಿಗಿಟ್ಟು ಕೂತಳು. ತಂಗಿ ಬಸ್ಸಿನಲ್ಲಿ ನಿಂತ ಹಾಗೆ ಕಾಲು ಅಗಲಿಸಿ ಹಿಂದೆ ನಿಂತಳು.

“ಅಕ್ಕ, ಟವರಿನ ಎಡಗಡೆ. ಹನ್ನೊಂದು.”

ಗುಂಡಿಯಕ್ಕನಿಗೆ ಏನೂ ಕಾಣಲಿಲ್ಲ. “ಅದು ಕಾಗೆ” ಅಂದಳು.

“ಕಾಗೆ ಹಿಂಗೆ ಹಾರಲ್ಲ ಬಿಡು.”

ಎರಡು ನಿಮಿಷ ಕಳೆದ ಮೇಲೆ ತಲೆಯ ಮೇಲೇ ದಾಟಿದವು. ಹನ್ನೊಂದೇ.

“ದುರ್ಬೀನಿಲ್ಲದೆ ನೋಡಿದ್ರಾ?” ಕನ್ನಡಕದವರು ಕೇಳಿದರು.

“ತುಂಬಿದ ಬಸ್ಸಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲವರೆಗೆ ಎಷ್ಟು ತಲೆ ಅಂತ ಒಂದೇ ನೋಟಕ್ಕೆ ಹೇಳ್ತಿದ್ದೆ ಸ್ವಾಮಿ. ಇವೇನು, ಟಿಕೆಟ್ ಇಲ್ಲದೆ ಹೋಗೋವು.”

ಕನ್ನಡಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮುಂದಿನ ವರ್ಷದಿಂದ ಕುರ್ಚಿ ಇವರಿಗೇ ಕೊಟ್ಟುಬಿಡೋಣ” ಅಂದರು.

ತಮಾಷೆಗೆ ಅಂದದ್ದು. ಆದರೆ ಗುಂಡಿಯಕ್ಕನ ಎದೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ಯಾಕೆಂದರೆ ಅವಳಿಗೆ ಗೊತ್ತಿತ್ತು. ಹೋದ ವರ್ಷದಿಂದ ಬಲಗಣ್ಣಿನ ಮುಂದೆ ಎಣ್ಣೆ ಕಾಗದ ಹಿಡಿದ ಹಾಗೆ ಇತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ನೆತ್ತಿಯ ಮೇಲೆ ಬಂದವು ಕಾಣುತ್ತಿದ್ದವು, ದೂರದವು ಇಲ್ಲ. ಮೊದಲ ಐದು ದಿನದ ಹಾಳೆಯಲ್ಲಿ ನಲವತ್ತು, ಇಪ್ಪತ್ತೈದು, ಹೀಗೇ ಬರೆದಿದ್ದಳು. “ಈ ಸಲ ಹಕ್ಕಿ ಕಮ್ಮಿ” ಅಂತ ಕನ್ನಡಕದವರಿಗೆ ಹೇಳಿಯೂ ಇದ್ದಳು. ಅವರ ಅಂಗಡಿಯ ಮುಂದೆ ಹೋಗಬೇಕಾದಾಗ ಬೀದಿಯ ಆಚೆ ಮಗ್ಗುಲಲ್ಲಿ ಹೋಗುತ್ತಿದ್ದಳು.

ಮರುದಿನ ದಾರಿಯಲ್ಲೇ ತಂಗಿಗೆ ಅಂದಳು: “ನೀನು ಬರೋದಾದ್ರೆ ಬಾ. ಆದ್ರೆ ಬಾಯಿ ಬಿಡಬೇಡ. ನಿನ್ನ ಕೂಗಿಗೆ ನನ್ನ ಲೆಕ್ಕ ತಪ್ಪುತ್ತೆ.”

“ಸರಿ ಬಿಡು. ನನ್ನ ಪಾಡಿಗೆ ನಾನು ಟಿಕ್ ಮಾಡ್ಕೋತೀನಿ.”

ತಂಗಿಯ ಹತ್ತಿರ ಡಿಪೋದಲ್ಲಿ ಕೊಟ್ಟ ಒಂದು ಎಣಿಕೆ ಯಂತ್ರ ಇತ್ತು. ಮುಷ್ಟಿಯೊಳಗೆ ಹಿಡಿಸುವಂಥದು. ಹೆಬ್ಬೆರಳಲ್ಲಿ ಒತ್ತಿದರೆ ‘ಟಿಕ್’ ಅಂತ ಒಂದು ಅಂಕಿ ಮುಂದೆ ಹೋಗುತ್ತದೆ. ಬೀಸುವ ಗಾಳಿಯಲ್ಲೂ ಆ ಸದ್ದು ಗುಂಡಿಯಕ್ಕನ ಕಿವಿಗೆ ಬೀಳುತ್ತಿತ್ತು. ಕಿವಿ ಚುರುಕಾಗಿಯೇ ಇತ್ತು. ಟಿಕ್ ಟಿಕ್ ಅಂದ ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಎರಡು ನೆರಳು. ಟಿಕ್ ಟಿಕ್ ಟಿಕ್, ಮೂರು ನೆರಳು. ಒಂದೂ ತಪ್ಪಲಿಲ್ಲ.

ಹನ್ನೆರಡನೇ ದಿನ, ಹತ್ತು ಟಿಕ್ ಆದಾಗ ಗುಂಡಿಯಕ್ಕನ ಬೆರಳು ಒಂದು ಗುಂಡಿಯನ್ನು ಬಲದಿಂದ ಎಡಕ್ಕೆ ಹಾಕಿತು. ಕಣ್ಣಿಗೆ ಹಕ್ಕಿ ಬಿದ್ದಿರಲಿಲ್ಲ. ‘ಹೇಗಿದ್ದರೂ ಹಕ್ಕಿ ಇದ್ದದ್ದು ನಿಜ ತಾನೆ’ ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲಾಮೇಲೆ ದುರ್ಬೀನು ಬರೀ ಹಿಡಿದುಕೊಂಡಿರಲಿಕ್ಕೆ ಆಯಿತು. ತಂಗಿ ಹಿಂದೆ ನಿಂತು ಟಿಕ್ ಮಾಡುವುದು, ಅಕ್ಕ ಮುಂದೆ ಕೂತು ಗುಂಡಿ ಸಾಗಿಸುವುದು. ಹಾಳೆಯ ಕೆಳಗೆ ಅಕ್ಕನ ಹೆಸರು. ಅಂಕಿ ಮುನ್ನೂರಕ್ಕೆ ಏರಿತು.

ಇದರಿಂದ ಹೊಟ್ಟೆಯುರಿ ಕಮ್ಮಿಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಪ್ರತಿ ಟಿಕ್ಕೂ ‘ನನಗೆ ಕಾಣುತ್ತೆ, ನಿನಗಿಲ್ಲ’ ಅಂದ ಹಾಗೆ ಕೇಳುತ್ತಿತ್ತು. ಅದು ಸಾಲದು ಅಂತ ತಂಗಿ ಇನ್ನೊಂದು ಕೆಲಸ ಶುರುಮಾಡಿದಳು. ಬೆಳಿಗ್ಗೆ ಎದ್ದವಳೇ ಹತ್ತು ಸೂಜಿಗೆ ಹತ್ತು ಬಣ್ಣದ ದಾರ ಪೋಣಿಸಿ, ಮಷೀನಿನ ಪಕ್ಕದ ಸೂಜಿಮೆತ್ತೆಗೆ ಸಾಲಾಗಿ ಚುಚ್ಚಿಡುವುದು. ಕೇಳಿದವರಿಲ್ಲ, ಹೇಳಿದವರಿಲ್ಲ. ಗುಂಡಿಯಕ್ಕ ಮೊದಲ ದಿನ ಹತ್ತನ್ನೂ ಎಳೆದು ಬಿಸಾಕಿದಳು. ಆಮೇಲೆ ಕಪ್ಪು ದಾರ ಪೋಣಿಸಲು ಮುಕ್ಕಾಲು ಗಂಟೆ ಒದ್ದಾಡಿ, ಕೊನೆಗೆ ಇಸ್ತ್ರಿಯವನನ್ನು ಕರೆದಳು.

“ಮನೇಲಿ ಅಂಥ ಕಣ್ಣಿರೋ ತಂಗೀನ ಇಟ್ಕೊಂಡು ನನ್ನ ಯಾಕೆ ಕರೀತೀರಕ್ಕ” ಅಂದ ಅವನು. “ನಾಲ್ಕು ರೋಡ್ ಆಚೆಯಿಂದ ನನ್ನ ಅಂಗಿಯ ಸುಟ್ಟ ಕಲೆ ನೋಡಿ ಬೈದ್ರು ನಿನ್ನೆ.”

“ದಾರ ಹಾಕು ಅಂದ್ರೆ ಹಾಕು. ಪುರಾಣ ಬೇಡ.”

ಇಪ್ಪತ್ತನೇ ದಿನ ಬೆಟ್ಟ ಹತ್ತುವಾಗ ತಂಗಿ, “ಅಕ್ಕ, ನಿನ್ನೆ ಸಂಜೆ ಕನ್ನಡಕದವರು ಸಿಕ್ಕಿದ್ರು, ನನಗೆ ಒಂದು ಕೆಲಸ ಹೇಳಿದ್ರು” ಅಂತ ಶುರುಮಾಡಿದಳು.

ಕೆಲಸ ಅಂದರೆ ಕುರ್ಚಿ ಅಂತಲೇ ಗುಂಡಿಯಕ್ಕನ ತಲೆಗೆ ಹೋಯಿತು. ಸೀಸನ್ ಮುಗಿದ ಮೇಲೆ ಸಂಘದ ಸಭೆ ಇತ್ತು. ಮುಂದಿನ ವರ್ಷ ಯಾರು ಎಣಿಸಬೇಕು ಅಂತ ಅಲ್ಲೇ ತೀರ್ಮಾನ. “ಅವರು ಹೇಳಿದ್ದು ನಿನ್ನ ಹತ್ರಾನೇ ಇಟ್ಕೋ. ನನಗೆ ಬೇಡ” ಅಂದು ಬಿರಬಿರನೆ ಮುಂದೆ ನಡೆದಳು. ತಂಗಿ ಮತ್ತೆ ಬಾಯಿ ತೆರೆಯಲಿಲ್ಲ.

ಅವತ್ತು ದಕ್ಷಿಣದ ಗಾಳಿ. ಹಿಂದಿನ ರಾತ್ರಿ ಮಳೆ ಬಿದ್ದು ಆಕಾಶ ತೊಳೆದ ತಟ್ಟೆಯ ಹಾಗಿತ್ತಂತೆ. ಗುಂಡಿಯಕ್ಕನಿಗೆ ಅದು ಬರೀ ಬಿಳುಪು. ಎಂಟು ಗಂಟೆಗೆ ಟಿಕ್ ಟಿಕ್ ಶುರುವಾಯಿತು. ಒಂಬತ್ತಕ್ಕೆ ಎಡೆಬಿಡದೆ. ಬೆರಳು ಗುಂಡಿ ಸಾಗಿಸಿತು, ಜೇಬು ಖಾಲಿಯಾಯಿತು, ಮತ್ತೆ ತುಂಬಿತು, ಮತ್ತೆ ಖಾಲಿಯಾಯಿತು. ಇಷ್ಟು ಸದ್ದಿಗೆ ತಲೆಯ ಮೇಲೆ ನೆರಳು ಕಡಿಮೆ ಅಂತ ಅನ್ನಿಸದೇ ಇರಲಿಲ್ಲ. ತುಂಬ ಎತ್ತರದಲ್ಲಿ ಹೋಗುತ್ತಿರಬೇಕು ಅಂದುಕೊಂಡಳು. ತಿರುಗಿ ತಂಗಿಯನ್ನು ಒಂದು ಮಾತು ಕೇಳಿದ್ದರೆ ಆಗಿಹೋಗುತ್ತಿತ್ತು. ಕೇಳಿದರೆ ಕಣ್ಣು ಹೋಗಿದೆ ಅಂತ ಒಪ್ಪಿದ ಹಾಗೆ. ಕೇಳಲಿಲ್ಲ.

ಎರಡು ಗಂಟೆಗೆ ಎರಡು ಸಲ ಐವತ್ತು, ಮೇಲೆ ಹದಿನಾಲ್ಕು ಗುಂಡಿ. ಸಾವಿರದ ನೂರ ನಲವತ್ತು ಗಿಡುಗ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಕ್ಕೆ ಎಂಟುನೂರ ಹನ್ನೆರಡರ ಮೇಲೆ ಹೋಗಿರಲಿಲ್ಲ. ತಂಗಿ ಭುಜದ ಮೇಲಿಂದ ಬಗ್ಗಿ ಹಾಳೆ ನೋಡಿದಳು. ತನ್ನ ಕೈಯ ಯಂತ್ರ ನೋಡಿದಳು. ಅದರ ತಿರುಪು ತಿರುಗಿಸಿ ಸೊನ್ನೆಗೆ ತಂದಳು. ಅಕ್ಕನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಇಳಿದಳು.

ಕನ್ನಡಕದವರು ಅಂಗಡಿಯ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿದರು: ‘ಒಂದೇ ದಿನ 1,140.’ ರಾಜಧಾನಿಯ ದೊಡ್ಡ ಕಚೇರಿಗೂ ಕಳಿಸಿದರು. ಜಿಪ್ಪು ಹಾಕಿಸಲು ಬಂದವರೆಲ್ಲ ಅದೇ ಮಾತು. ಸೈಕಲ್ ರಿಪೇರಿಯವನು ಬಂದು ಕೈ ಕುಲುಕಿದ. ನಾಲ್ಕು ದಿನ ಗುಂಡಿಯಕ್ಕ ಬೀದಿಯ ಈಚೆ ಮಗ್ಗುಲಲ್ಲೇ ನಡೆದಳು. ಕುರ್ಚಿ ಇನ್ನು ಯಾರೂ ಕೇಳುವುದಿಲ್ಲ ಅನ್ನುವುದು ಖಾತ್ರಿಯಾಯಿತು. ತಂಗಿಯ ಮುಖ ನೋಡಿದಾಗ ಸ್ವಲ್ಪ ಕನಿಕರವೂ ಬಂತು.

ಐದನೇ ದಿನ ಕನ್ನಡಕದವರು ಪ್ಯಾಂಟು ಗಿಡ್ಡ ಮಾಡಿಸಲು ಬಂದರು. ಅಳತೆ ಕೊಡುತ್ತ ನಿಂತವರು ನಗುತ್ತ ಅಂದರು: “ಅಷ್ಟು ದೊಡ್ಡ ದಿನ, ನಿಮ್ಮ ತಂಗಿ ನಿದ್ದೆ ಹೊಡೆದುಬಿಟ್ಟರಂತಲ್ಲಮ್ಮ.”

“ಯಾರು ಹೇಳಿದ್ದು?”

“ಅವರೇ ಹೇಳಿದ್ರು. ಸ್ಕೂಲ್ ಮೇಷ್ಟ್ರು ಅಂಬರಗುಬ್ಬಿ ಎಷ್ಟು ಬರುತ್ತವೆ ಅಂತ ಕೇಳಿದ್ರು. ಗಿಡುಗ ನೀವು ನೋಡ್ಕೋತೀರಿ, ಆವತ್ತು ಬೆಟ್ಟದ ಬಗಲಲ್ಲಿ ತಗ್ಗಾಗಿ ಹಾರೋ ಗುಬ್ಬಿಗಳನ್ನ ಮಾತ್ರ ಎಣಿಸಿ ಅಂತ ನಿಮ್ಮ ತಂಗಿಗೆ ಹೇಳಿದ್ದೆ. ಗಾಳಿಗೆ ನಿದ್ದೆ ಬಂತು, ಒಂದೂ ಎಣಿಸಲಿಲ್ಲ ಅಂದ್ರು. ಪಾಪ, ವಯಸ್ಸು.”

ಗುಂಡಿಯಕ್ಕನ ಬಾಯಲ್ಲಿ ನಾಲ್ಕು ಗುಂಡುಸೂಜಿ ಇದ್ದವು. ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಪ್ಯಾಂಟಿಗೆ ಗುರುತು ಹಾಕಿದಳು. ಅವರು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಳು. ಅವಳು ಎಣಿಸಿದ್ದು ಗುಬ್ಬಿ. ಅದೂ ಕಿವಿಯಿಂದ.

ಮನೆಗೆ ಹೋದಾಗ ತಂಗಿ ಹಿಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಆವತ್ತು ನಿದ್ದೆ ಮಾಡಿದ್ಯಾ ನೀನು?”

“ಹೂಂ. ಗಾಳಿ ಚೆನ್ನಾಗಿತ್ತು.”

“ಮೂವತ್ತಮೂರು ವರ್ಷ ಬಸ್ಸಲ್ಲಿ ನಿಂತು ಕಣ್ಣು ಮುಚ್ಚದೇ ಇದ್ದವಳಿಗೆ ಬೆಟ್ಟದ ಮೇಲೆ ನಿಂತಲ್ಲೇ ನಿದ್ದೆ ಬಂತಾ?”

ತಂಗಿ ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿಡಿಸಿ, ಮತ್ತೆ ಮಡಚಿದಳು.

“ಎಷ್ಟಿತ್ತು ನಿನ್ನ ಟಿಕ್ಕು?”

“ಬಿಡಕ್ಕ.”

“ಎಷ್ಟು ಅಂದೆ.”

“ಸಾವಿರದ ನೂರ ನಲವತ್ತಮೂರು.”

“ಗಿಡುಗ?”

“ನಾನು ಎಣಿಸಿಲ್ಲ. ಅಕಸ್ಮಾತ್ ಕಣ್ಣಿಗೆ ಬಿದ್ದದ್ದು ಮೂವತ್ತೆಂಟು.”

“ಅವತ್ತೇ ಯಾಕೆ ಬೊಗಳಲಿಲ್ಲ?”

“ಹೇಳಿದ್ರೆ ನಿನ್ನ ಕುರ್ಚಿ ಹೋಗ್ತಿತ್ತು. ನಿನಗೆ ಅದು ಎಷ್ಟು ಅಂತ ನನಗೆ ಗೊತ್ತಿಲ್ವಾ? ನನಗೇನಕ್ಕ, ಅದು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ನೀನೇ ಇಟ್ಕೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನಗಾಡಿದ್ದರೂ ತಡೆದುಕೊಳ್ಳುತ್ತಿದ್ದಳು. ‘ನೀನೇ ಇಟ್ಕೋ’ ಅಂದದ್ದು ಮಾತ್ರ ಸಹಿಸಲು ಆಗಲಿಲ್ಲ. ಚಿಕ್ಕಂದಿನಿಂದ ಇದೇ ಕಥೆ. ಅಪ್ಪ ಇಬ್ಬರನ್ನೂ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ, ದೂರದ ಬಸ್ಸಿನ ಬೋರ್ಡು ಯಾರು ಮೊದಲು ಓದುತ್ತೀರಿ ಅಂತ ಕೇಳುತ್ತಿದ್ದ. ಯಾವಾಗಲೂ ತಂಗಿಯೇ. ಒಂಬತ್ತನೇ ವಯಸ್ಸಿಗೇ ಅಕ್ಕನಿಗೆ ದಪ್ಪ ಗಾಜಿನ ಕನ್ನಡಕ. ಶಾಲೆಯ ಓಟದಲ್ಲಿ ತಂಗಿಗೆ ಕೆಂಪು ರಿಬ್ಬನ್ ಸಿಕ್ಕಿತು. ಅಕ್ಕ ಅತ್ತಳು ಅಂತ ಅದನ್ನು ಅಕ್ಕನ ಜಡೆಗೇ ಕಟ್ಟಿದಳು. ಒಂದು ವರ್ಷ ಆ ರಿಬ್ಬನ್ ಕಟ್ಟಿಕೊಂಡು ಓಡಾಡಿದ್ದಾಳೆ ಗುಂಡಿಯಕ್ಕ. ನೋಡಿದವರೆಲ್ಲ ಅಂದದ್ದು ಒಂದೇ: ‘ಎಂಥ ಒಳ್ಳೆ ಮನಸ್ಸು ಚಿಕ್ಕವಳದು.’ ಗೆಲ್ಲುವವಳೂ ಅವಳೇ, ಬಿಟ್ಟುಕೊಡುವವಳೂ ಅವಳೇ. ಅಕ್ಕನಿಗೆ ಉಳಿಯುವುದು ಇಸಿದುಕೊಳ್ಳುವ ಕೆಲಸ.

ಮೂರನೆಯವರಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಕುರ್ಚಿ ಸಾಯುವವರೆಗೂ ಅವಳದೇ. ಆದರೆ ಕೂತಾಗಲೆಲ್ಲ ತಂಗಿಯ ರಿಬ್ಬನ್ ಕಟ್ಟಿಕೊಂಡು ಕೂತ ಹಾಗೆ. ಮರುದಿನ ಬೆಳಿಗ್ಗೆ ಅವಳು ಬೆಟ್ಟ ಹತ್ತದೆ ಕನ್ನಡಕದ ಅಂಗಡಿಯ ಬಾಗಿಲಿಗೆ ಹೋಗಿ ನಿಂತದ್ದು ಸತ್ಯ ಹೇಳಬೇಕು ಅಂತ ಅಲ್ಲ. ಆ ತಂಗಿಯ ಒಳ್ಳೆತನ ಇನ್ನೊಂದು ದಿನ ತನ್ನ ಮೈಮೇಲೆ ಇರಬಾರದು ಅಂತ.

“ಗಾಜಿನ ಮೇಲಿರೋದು ಒರೆಸಿ” ಅಂದಳು. “ನಾನು ಗಿಡುಗ ನೋಡಲಿಲ್ಲ. ಟಿಕ್ ಕೇಳಿ ಗುಂಡಿ ಹಾಕಿದೆ. ಅದು ಅಂಬರಗುಬ್ಬಿ.”

ಕನ್ನಡಕದವರು ಬೀಗದ ಕೈ ಹಿಡಿದುಕೊಂಡೇ ನಿಂತರು. ಅರ್ಥವಾಗಲು ಹೊತ್ತು ಹಿಡಿಯಿತು. “ಆದ್ರೆ ಅಮ್ಮ, ಹೋದ ತಿಂಗಳು ಇಲ್ಲೇ ಕೂತು ಕಣ್ಣು ಪರೀಕ್ಷೆಯ ಬೋರ್ಡಿನ ಕೊನೇ ಸಾಲಿನವರೆಗೂ ಓದಿದ್ರಲ್ಲ?”

“ಇಪ್ಪತ್ತೆರಡು ವರ್ಷದಿಂದ ಅದೇ ಬೋರ್ಡು ತೂಗುಹಾಕಿದ್ದೀರಿ. ಪ್ರತಿ ಸಭೇಲೂ ಅದರ ಎದುರಿಗೇ ಕೂತಿದ್ದೀನಿ. ಕಣ್ಣು ಮುಚ್ಚಿಕೊಂಡು ಹೇಳಲಾ, ಕೆಳಗಿಂದ ಮೇಲೆ?”

ಅವರು ಟಾರ್ಚು ತಂದು ಕಣ್ಣಿಗೆ ಬಿಟ್ಟು ನೋಡಿದರು. ಎರಡಕ್ಕೂ ಪೊರೆ. ಬಲಗಡೆಯದು ಪೂರ್ತಿ ಬಲಿತಿದೆ ಅಂದರು. ಗುಂಡಿಯಕ್ಕ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಹಾಳೆಗಳ ಕಟ್ಟು ಎಳೆದು ಮುಂದಿಟ್ಟಳು.

“ಆ ಒಂದು ದಿನದ್ದಲ್ಲ. ಹನ್ನೆರಡನೇ ದಿನದಿಂದ ಇಪ್ಪತ್ತನೇ ದಿನದವರೆಗೆ ಒಂಬತ್ತು ಹಾಳೆ. ಒಂಬತ್ತರಲ್ಲೂ ನೋಡಿದ್ದು ಅವಳು. ಈಚೆಗಿನ ಐದೂ ಅವಳದೇ. ಹದಿನಾಲ್ಕು. ನನ್ನ ಹೆಸರು ಹೊಡೆದು ಅವಳದು ಹಾಕಿ. ಇಪ್ಪತ್ತನೇ ದಿನಕ್ಕೆ ಮೂವತ್ತೆಂಟು ಗಿಡುಗ, ಸಾವಿರದ ನೂರ ನಲವತ್ತಮೂರು ಗುಬ್ಬಿ. ಮೂರು ಬಿಡಬೇಡಿ.”

ಅವರು ಒಂದೊಂದಾಗಿ ಹೊಡೆದರು. ಹದಿನಾಲ್ಕು ಸಲ ತಂಗಿಯ ಹೆಸರು ಬರೆಯುವುದನ್ನು ಅವಳು ಹತ್ತಿರ ಬಗ್ಗಿ ನೋಡಿದಳು, ಹತ್ತಿರದ್ದು ಕಾಣುತ್ತಿತ್ತು. ಪ್ರತಿ ಸಲವೂ ಚುಚ್ಚಿತು.

“ಪೊರೆ ತೆಗೆಸಿದ್ರೆ ಕುರ್ಚಿ ವಾಪಸ್ ಕೊಡ್ತೀರಾ?” ಕೊನೆಗೆ ಕೇಳಿದಳು.

“ಅದಕ್ಕೇನಮ್ಮ. ನಿಮ್ಮ ತಂಗಿ ಬಿಟ್ಟುಕೊಟ್ಟರೆ ಆಯ್ತು.”

“ಹಾಗಾದ್ರೆ ಬೇಡ” ಅಂದಳು. “ಬಿಟ್ಟುಕೊಟ್ಟದ್ದು ಬೇಡ. ಇಬ್ಬರನ್ನೂ ನಿಲ್ಲಿಸಿ ನೋಡಿ. ಯಾರು ಮೊದಲು ಹೇಳ್ತಾರೋ ಅವರಿಗೆ ಕೊಡಿ.”

ಸುದ್ದಿ ಮಧ್ಯಾಹ್ನದೊಳಗೆ ಬೀದಿ ಸುತ್ತಿತು. ಇಸ್ತ್ರಿಯವನು ಕಟ್ಟೆಯಿಂದಲೇ ಕೇಳಿದ: “ಏನಕ್ಕ, ಸಾವಿರ ಹೋಗಿ ಮೂವತ್ತೆಂಟಾಯ್ತಂತೆ. ಬಾಕಿ ಗಿಡುಗ ಎಲ್ಲಿಟ್ರಿ, ಜೇಬಲ್ಲಾ?”

“ಜೇಬಲ್ಲಿರೋದು ಗುಂಡಿ. ನಿನ್ನ ಅಂಗಿಗೆ ಎರಡು ಇಲ್ಲ, ಹೊಟ್ಟೆ ಕಾಣ್ತಿದೆ. ಒಳಗೆ ಬಾ.”

ಗಿಡುಗ ಕಾಲ ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು. ತಂಗಿ ಒಬ್ಬಳೇ ಹೋಗುವುದಿಲ್ಲ ಅಂತ ಹಟ ಹಿಡಿದಳು. ಗುಂಡಿಯಕ್ಕ ಹೊರಟಳು. ಮೇಲೆ ಹೋಗಿ ತಾನೇ ಕುರ್ಚಿ ಬಿಡಿಸಿದಳು, ಕಾಲು ಅಲುಗಾಡದ ಹಾಗೆ ಕಲ್ಲು ಕೊಟ್ಟಳು. ತಂಗಿ ಎಂದಿನ ಹಾಗೆ ನಿಂತೇ ಇದ್ದಳು.

“ಕೂತ್ಕೋ. ಇದೇನು ಬಸ್ಸಲ್ಲ.”

“ನೀನು ಕೂತ್ಕೋ ಅಕ್ಕ.”

“ಮತ್ತೆ ಶುರುಮಾಡಬೇಡ” ಅಂದಳು ಗುಂಡಿಯಕ್ಕ. ತಂಗಿ ಕೂತಳು. ಅಕ್ಕ ಬಂಡೆಯ ಮೇಲೆ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕೂತಳು. ಗಾಳಿಗೆ ಹಾಳೆ ಹಾರದಂತೆ ಮೊಣಕೈ ಊರಿದಳು. ಬಹಳ ಹೊತ್ತು ಏನೂ ಬರಲಿಲ್ಲ.

“ಸುತ್ತುತ್ತಾ ಇವೆ” ಅಂದಳು ತಂಗಿ. “ಕಲ್ಲು ಕ್ವಾರಿಯ ಮೇಲೆ.”

“ಸುತ್ತುವಾಗ ಎಣಿಸಬೇಡ. ಟವರ್ ದಾಟಲಿ.”

“ಗೊತ್ತು... ದಾಟಿದವು. ಹತ್ತೊಂಬತ್ತು.”

“ಇಪ್ಪತ್ತಿರಬಹುದು. ಸರಿಯಾಗಿ ನೋಡು.”

ತಂಗಿ ಕಣ್ಣಿಗೆ ಕೈ ಅಡ್ಡ ಹಿಡಿದು ಉತ್ತರದ ಕಡೆ ಸಾಲು ಮುಗಿಯುವವರೆಗೂ ನೋಡಿದಳು. “ಹತ್ತೊಂಬತ್ತೇ ಅಕ್ಕ.”

ಗುಂಡಿಯಕ್ಕ ಬಿಳುಪಿನ ಕಡೆಗೆ ಮುಖ ಎತ್ತಿ ತಾನೂ ಒಂದು ಸಲ ಹುಡುಕಿದಳು. ಆಮೇಲೆ ತಲೆ ಬಗ್ಗಿಸಿ, ಪೆನ್ಸಿಲ್ ಮೊನೆ ಮುರಿಯುವ ಹಾಗೆ ಒತ್ತಿ ಹತ್ತೊಂಬತ್ತು ಅಂತ ಬರೆದಳು.